ಕ್ವಾಂಟಮ್ ಫೀಲ್ಡ್ ಥಿಯರಿಯಲ್ಲಿ ಕೆರಿಯರ್: ಪದೇ ಪದೇ ಕೇಳೋ ಪ್ರಶ್ನೆಗಳು

ಬಿಎಸ್ಸಿ ಓದ್ತಿರೋ ಹುಡುಗ ಹುಡುಗೀರು, ಅವರ ಅಪ್ಪ ಅಮ್ಮ, ಮದುವೆ ಊಟದ ಪಂಕ್ತೀಲಿ ಪಕ್ಕದಲ್ಲಿ ಕೂತ ನೆಂಟರು, ಎಲ್ಲರೂ ಕೇಳೋದು ಸುಮಾರಾಗಿ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಹಾಕೋ ಬದಲು ಒಂದೇ ಕಡೆ ಬರೆದಿಟ್ಟಿದ್ದೀನಿ. ನಾನು ಇದೇ ಫೀಲ್ಡಲ್ಲಿ ಪಿಎಚ್‌ಡಿ ಮುಗಿಸಿ ಈಗ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲೆ ಮಾಡೋ ಟೆಂಪರರಿ ರಿಸರ್ಚ್ ಕೆಲಸ) ಮಾಡ್ತಿರೋನು, ಪರ್ಮನೆಂಟ್ ಕೆಲಸ ಇನ್ನೂ ಸಿಕ್ಕಿಲ್ಲ, ಅದು ಗೊತ್ತಿದ್ದು ಓದ್ಕೊಳ್ಳಿ.

ಕ್ವಾಂಟಮ್ ಫೀಲ್ಡ್ ಥಿಯರಿ ಅಂದ್ರೆ ಏನು ಸಾರ್, ಎರಡೇ ಮಾತಲ್ಲಿ?

ಎರಡು ಮಾತಲ್ಲಿ ಮುಗಿಯಲ್ಲ, ನಾಲ್ಕು ಕೊಡಿ. ಎಲ್ಲಾ ಕಡೆ ಹರಡ್ಕೊಂಡಿರೋ ಎಲೆಕ್ಟ್ರಾನ್ ಫೀಲ್ಡ್ ಅಂತ ಒಂದಿದೆ, ಅದು ಅಲುಗಾಡಿದಾಗ ನಮಗೆ ಕಾಣೋದೇ ಎಲೆಕ್ಟ್ರಾನ್. ಬೆಳಕಿಗೂ ಹಂಗೇ, ಪ್ರೋಟಾನ್ ಒಳಗಿರೋ ಕ್ವಾರ್ಕ್‌ಗೂ ಹಂಗೇ, ಹಿಗ್ಸ್ ಅನ್ನೋ ಕಣಕ್ಕೂ ಹಂಗೇ. ಬೆಂಗಳೂರಿನ ಎಲೆಕ್ಟ್ರಾನ್‌ಗೂ ಆಂಡ್ರೋಮಿಡಾದ ಎಲೆಕ್ಟ್ರಾನ್‌ಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೇ ಇರೋದು ಅದಕ್ಕೇ, ಎರಡೂ ಒಂದೇ ಫೀಲ್ಡಿಂದ ಹುಟ್ಟಿದ್ದು. ಕ್ವಾಂಟಮ್ ಮೆಕ್ಯಾನಿಕ್ಸನ್ನೂ ಐನ್‌ಸ್ಟೈನರ ಸ್ಪೆಷಲ್ ರಿಲೇಟಿವಿಟಿಯನ್ನೂ ಒಟ್ಟಿಗೆ ಒಪ್ಕೊಂಡ್ರೆ ಹೆಚ್ಚುಕಮ್ಮಿ ಇಲ್ಲಿಗೇ ಬಂದು ನಿಲ್ಬೇಕಾಗತ್ತೆ. 1927ರಲ್ಲಿ ಪಾಲ್ ಡಿರಾಕ್ ಅನ್ನೋ ವಿಜ್ಞಾನಿ ಬೆಳಕಿನ ವಿಷಯದಲ್ಲಿ ಇದನ್ನ ಮಾಡಿ ತೋರಿಸಿದ್ರು, ಅಲ್ಲಿಂದ ಶುರು. ಇವತ್ತು ಅದೇ ಗಣಿತ ಎಲ್‌ಎಚ್‌ಸಿ ಅನ್ನೋ ದೊಡ್ಡ ಯಂತ್ರದಲ್ಲಿ ಡಿಕ್ಕಿ ಹೊಡಿಯೋ ಪ್ರೋಟಾನ್‌ಗೂ ಬೇಕು, ಅಯಸ್ಕಾಂತಕ್ಕೂ ಸೂಪರ್‌ಕಂಡಕ್ಟರ್‌ಗೂ ಬೇಕು.

ಲ್ಯಾಬ್ ಇಲ್ಲ, ಎಕ್ಸ್‌ಪೆರಿಮೆಂಟ್ ಇಲ್ಲ, ಹಂಗಾದ್ರೆ ದಿನವೆಲ್ಲಾ ಏನ್ ಮಾಡ್ತೀರಿ?

ಲೆಕ್ಕ. ಲೆಕ್ಕ ಅಂದ್ರೆ ಎಂಥಾ ಲೆಕ್ಕ ಅಂತ ಒಂದು ಉದಾಹರಣೆ ಹೇಳ್ತೀನಿ, ಯಾಕಂದ್ರೆ ಇದನ್ನ ಕೇಳಿ ಮೈ ಜುಂ ಅಂದ್ರೆ ನೀವು ಈ ಕಡೆಯವರು, ಆಕಳಿಕೆ ಬಂದ್ರೆ ಮಿಕ್ಕಿದ್ದು ಓದೋದೇ ಬೇಡ. ಎಲೆಕ್ಟ್ರಾನ್ ಒಂದು ಪುಟಾಣಿ ಅಯಸ್ಕಾಂತ. ಅದರ ಬಲ ಹೇಳೋ ಜಿ ಅನ್ನೋ ಸಂಖ್ಯೆ ಡಿರಾಕ್ ಸಮೀಕರಣದ ಪ್ರಕಾರ ಸರಿಯಾಗಿ 2. ಆದ್ರೆ 1947ರ ಹೊತ್ತಿಗೆ ಅಳೆದು ನೋಡಿದಾಗ 2ಕ್ಕಿಂತ ಒಂಚೂರು ಜಾಸ್ತಿ ಬಂತು. ಎಷ್ಟು ಪಾಲು ಜಾಸ್ತಿ ಅನ್ನೋದನ್ನ ಜೂಲಿಯನ್ ಶ್ವಿಂಗರ್ ಫೀಲ್ಡ್ ಥಿಯರಿಯಿಂದ ಲೆಕ್ಕ ಹಾಕಿ 1948ರಲ್ಲಿ ಪ್ರಿಂಟ್ ಮಾಡಿಸಿದ್ರು: ಆಲ್ಫಾ (ವಿದ್ಯುತ್ಕಾಂತ ಬಲ ಎಷ್ಟು ಅಂತ ಹೇಳೋ ಸಂಖ್ಯೆ) ಭಾಗಿಸು ಎರಡು ಪೈ, ಅಂದ್ರೆ ಸುಮಾರು 0.00116. ಅವರ ಸಮಾಧಿ ಕಲ್ಲಿನ ಮೇಲೂ ಆ ಫಾರ್ಮುಲಾನೇ ಕೆತ್ತಿದ್ದಾರೆ.

ಇದಕ್ಕೆ ಬೇಕಾಗಿದ್ದು ಒಂದೇ ಒಂದು ಫೈನ್‌ಮನ್ ಚಿತ್ರ, ಅಂದ್ರೆ ಕಣಗಳ ನಡುವೆ ಏನಾಗತ್ತೆ ಅಂತ ಗೆರೆಗಳಲ್ಲಿ ಬರೆಯೋ ಚಿತ್ರ. ಇನ್ನೂ ನಿಖರವಾಗಿ ಬೇಕು ಅಂದ್ರೆ ಮುಂದಿನ ಹಂತದಲ್ಲಿ 7 ಚಿತ್ರ, ಆಮೇಲೆ 72, ಆಮೇಲೆ 891, ಐದನೇ ಹಂತದಲ್ಲಿ 12,672. ಒಂದೊಂದು ಚಿತ್ರವೂ ಒಂದೊಂದು ಇಂಟಿಗ್ರಲ್, ಅದೂ ಇನ್ಫಿನಿಟಿ ತುಂಬ್ಕೊಂಡಿರೋ ಇಂಟಿಗ್ರಲ್. ಆ 7 ಚಿತ್ರದ ಲೆಕ್ಕಾನೇ 1950ರಲ್ಲಿ ಮಾಡಿದೋರು ತಪ್ಪು ಉತ್ತರ ಕೊಟ್ಟಿದ್ರು, ಏಳು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ, 1957ರಲ್ಲಿ ಪೀಟರ್‌ಮನ್ ಮತ್ತು ಸಾಮರ್‌ಫೀಲ್ಡ್ ಅನ್ನೋ ಇಬ್ಬರು ಬೇರೆ ಬೇರೆಯಾಗಿ ಮಾಡಿ ಸರಿಪಡಿಸಿದ್ರು. 12,672 ಚಿತ್ರಗಳ ಕೆಲಸ 2012ರಲ್ಲಿ ಮುಗೀತು, ಅದರ ಹಿಂದಿದ್ದ ತೊಯಿಚಿರೋ ಕಿನೋಷಿಟಾ ಅನ್ನೋರು ಈ ಒಂದೇ ಸಂಖ್ಯೆಗೆ ದಶಕಗಳನ್ನ ಕೊಟ್ಟಿದ್ರು. ಈಗ ಥಿಯರಿ ಮತ್ತು ಎಕ್ಸ್‌ಪೆರಿಮೆಂಟ್ ಸುಮಾರು ಲಕ್ಷ ಕೋಟಿಯಲ್ಲಿ ಒಂದು ಪಾಲಿನವರೆಗೂ ತಾಳೆ ಆಗತ್ತೆ, ಇಷ್ಟು ನಿಖರವಾಗಿ ಪರೀಕ್ಷೆ ಆಗಿರೋ ಥಿಯರಿ ವಿಜ್ಞಾನದಲ್ಲೇ ಬಲು ಅಪರೂಪ.

ನನ್ನಂಥೋರ ದಿನ ಇಷ್ಟು ಭವ್ಯವಾಗಿ ಏನೂ ಇರಲ್ಲ. ಇಬ್ಬರು ಒಂದೇ ಲೆಕ್ಕ ಬೇರೆ ಬೇರೆ ಕೂತು ಮಾಡೋದು, ವಾರ ಆದ್ಮೇಲೆ ಹೋಲಿಸಿ ನೋಡೋದು, ಒಂದು ಮೈನಸ್ ಸೈನ್ ತಾಳೆ ಆಗದೇ ಇರೋದು, ಯಾರದ್ದು ಸರಿ ಅಂತ ಮತ್ತೊಂದು ವಾರ.

ಗಣಿತದಲ್ಲಿ ಜೀನಿಯಸ್ ಆಗಿರ್ಲೇಬೇಕಾ?

ಈ ಪ್ರಶ್ನೆಗೆ ಕಾರಣ ಹೀರೋ ಕಥೆಗಳು. ಹೆರಾರ್ಡ್ ಟ್ ಹೂಫ್ಟ್ 1971ರಲ್ಲಿ ಇನ್ನೂ ಪಿಎಚ್‌ಡಿ ಸ್ಟೂಡೆಂಟ್ ಆಗಿದ್ದಾಗಲೇ ನೊಬೆಲ್ ಮಟ್ಟದ ಕೆಲಸ ಮಾಡಿದ್ರು, ಬಹುಮಾನ ಬಂದಿದ್ದು 1999ರಲ್ಲಿ, ಗೈಡ್ ವೆಲ್ಟ್‌ಮನ್ ಜೊತೆ. 1973ರಲ್ಲಿ ಕ್ವಾರ್ಕ್‌ಗಳ ನಡುವಿನ ಬಲ ಹತ್ತಿರ ಹೋದಷ್ಟೂ ಸಡಿಲ ಆಗತ್ತೆ ಅಂತ ತೋರಿಸಿದ ವಿಲ್ಚೆಕ್, ಪೊಲಿಟ್ಜರ್ ಇಬ್ಬರೂ ಸ್ಟೂಡೆಂಟ್‌ಗಳೇ. ಇವನ್ನ ಓದಿ ಇಪ್ಪತ್ತೈದಕ್ಕೆ ಏನೂ ಮಾಡ್ಲಿಲ್ಲ ಅಂದ್ರೆ ಮುಗೀತು ಅಂದ್ಕೊಳ್ತಾರೆ.

ನಾನು ಯಾವಾಗ್ಲೂ ಹೇಳೋದು ಕೆನ್ ವಿಲ್ಸನ್ ಕಥೆ. 1961ರಲ್ಲಿ ಕ್ಯಾಲ್ಟೆಕ್‌ನಲ್ಲಿ ಮರ್ರಿ ಗೆಲ್‌ಮನ್ ಹತ್ರ ಪಿಎಚ್‌ಡಿ ಮುಗಿಸಿದ್ರು, 1963ರಲ್ಲಿ ಕಾರ್ನೆಲ್ ಯೂನಿವರ್ಸಿಟಿ ಸೇರಿದ್ರು, ಆಮೇಲೆ ವರ್ಷಗಟ್ಟಲೆ ಪೇಪರ್ ಬಹಳ ಕಮ್ಮಿ. ಆದ್ರೂ ಕಾರ್ನೆಲ್‌ನೋರು ನಂಬಿ ಪರ್ಮನೆಂಟ್ ಮಾಡಿದ್ರು. ಅವರ ತಲೇಲಿ ಇದ್ದಿದ್ದು ಒಂದೇ ಕೊರೆತ: ಫೀಲ್ಡ್ ಥಿಯರಿಯಲ್ಲಿ ಬರೋ ಇನ್ಫಿನಿಟಿಗಳನ್ನ ಎಲ್ಲರೂ ಹೆಂಗೋ ಒಂದು ಟ್ರಿಕ್ ಮಾಡಿ ಕಳೀತಾರಲ್ಲ, ಅದು ಯಾಕೆ ಕೆಲಸ ಮಾಡತ್ತೆ? 1971ರಲ್ಲಿ ಉತ್ತರ ಎರಡು ಪೇಪರ್‌ಗಳಾಗಿ ಬಂತು. ಸಣ್ಣ ಸಣ್ಣ ದೂರದಲ್ಲಿ ನಡಿಯೋ ವಿವರಗಳನ್ನ ಹಂತ ಹಂತವಾಗಿ ಸರಾಸರಿ ಮಾಡ್ತಾ ದೊಡ್ಡ ದೂರಕ್ಕೆ ಬಂದ್ರೆ ಕೊನೆಗೆ ಉಳಿಯೋದು ಒಂದೆರಡು ಸಂಖ್ಯೆ ಮಾತ್ರ, ಮಿಕ್ಕಿದ್ದೆಲ್ಲಾ ತಾನಾಗೇ ಉದುರಿ ಹೋಗತ್ತೆ. ನೀರು, ಆವಿ ಅನ್ನೋ ವ್ಯತ್ಯಾಸವೇ ಅಳಿಸಿಹೋಗೋ ಕ್ರಿಟಿಕಲ್ ಪಾಯಿಂಟ್‌ಗೂ ಅಯಸ್ಕಾಂತ ಬಿಸಿಯಾಗಿ ಗುಣ ಕಳ್ಕೊಳ್ಳೋದಕ್ಕೂ ಒಂದೇ ಸಂಖ್ಯೆಗಳು ಯಾಕೆ ಬರತ್ವೆ ಅನ್ನೋದು ಆಗ ತಿಳೀತು. 1982ರಲ್ಲಿ ಫಿಸಿಕ್ಸ್ ನೊಬೆಲ್ ಪೂರ್ತಿ ಅವರೊಬ್ಬರಿಗೇ. ನಮ್ಮ ಐಐಎಸ್‌ಸಿಯ ಎಚ್.ಆರ್. ಕೃಷ್ಣಮೂರ್ತಿ ಕಾರ್ನೆಲ್‌ನಲ್ಲೇ ಪಿಎಚ್‌ಡಿ ಮಾಡಿದೋರು, ವಿಲ್ಸನ್ ಮತ್ತು ವಿಲ್ಕಿನ್ಸ್ ಜೊತೆ ಅವರು 1980ರಲ್ಲಿ ಬರೆದ ಪೇಪರ್‌ಗಳನ್ನ ಈ ಹಂತ ಹಂತದ ವಿಧಾನದ ವಿಷಯದಲ್ಲಿ ಇವತ್ತಿಗೂ ಎಲ್ಲರೂ ತೆಗೆದು ನೋಡ್ತಾರೆ.

ಅಂದ್ರೆ ಬುದ್ಧಿ ಬೇಡ ಅಂತಲ್ಲ, ವಿಲ್ಸನ್ ಏನು ಕಮ್ಮಿ ಬುದ್ಧಿವಂತರಲ್ಲ. ಒಂದೇ ಪ್ರಶ್ನೆ ಜೊತೆ ಹತ್ತು ವರ್ಷ ಬೇಜಾರಿಲ್ಲದೇ ಇರೋಕಾಗತ್ತಾ ಅನ್ನೋದು ಮೊದಲು ನೋಡ್ಕೊಳ್ಳಿ. ಲೀನಿಯರ್ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್, ಗ್ರೂಪ್ ಥಿಯರಿ ಇವು ಕಲಿತ್ರೆ ಬರೋವೇ.

ಯಾವ ಡಿಗ್ರಿ, ಯಾವ ಎಂಟ್ರೆನ್ಸ್?

ಬಿಎಸ್ಸಿ ಆದ್ಮೇಲೆ ಜ್ಯಾಮ್ ಅನ್ನೋ ಎಂಟ್ರೆನ್ಸ್ ಬರೆದು ಐಐಟಿಗಳಲ್ಲಿ ಎಂಎಸ್ಸಿ ಮಾಡ್ಬಹುದು ಅಥವಾ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹಾಕ್ಬಹುದು. ಎಂಎಸ್ಸಿ ಆಗಿದ್ರೆ ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ (ಟಿಐಎಫ್‌ಆರ್) ಎಂಟ್ರೆನ್ಸ್, ಇವುಗಳಲ್ಲಿ ಥಿಯರಿ ಮಾಡೋರಿಗೆ ಜೆಸ್ಟ್ ಮತ್ತು ಟಿಐಎಫ್‌ಆರ್ ಮುಖ್ಯ. ಎಂಜಿನಿಯರಿಂಗ್ ಓದಿ ಬಂದೋರೂ ಇದ್ದಾರೆ, ಅವರಿಗೆ ಮೊದಲ ಎರಡು ವರ್ಷ ಕಷ್ಟ, ಅಷ್ಟೇ. ಇಂಟರ್‌ವ್ಯೂನಲ್ಲಿ ಫೀಲ್ಡ್ ಥಿಯರಿ ಕೇಳೋದು ಕಮ್ಮಿ. ಹಾರ್ಮಾನಿಕ್ ಆಸಿಲೇಟರ್, ಒಂದು ಮೆಕ್ಯಾನಿಕ್ಸ್ ಸಮಸ್ಯೆ, ಒಂದು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಬೋರ್ಡ್ ಮುಂದೆ ನಿಂತು ಯೋಚನೆ ಮಾಡೋದನ್ನ ನೋಡ್ತಾರೆ. ಸ್ಟ್ರಿಂಗ್ ಥಿಯರಿ ಬಗ್ಗೆ ಯೂಟ್ಯೂಬಲ್ಲಿ ನೋಡಿದ್ದನ್ನ ಅಲ್ಲಿ ಬಿಚ್ಚೋಕೆ ಹೋಗ್ಬೇಡಿ.

ಕರ್ನಾಟಕದಲ್ಲೇ ಇದ್ದು ಮಾಡ್ಬಹುದಾ?

ಮಾಡ್ಬಹುದು, ನಾವು ಈ ವಿಷಯದಲ್ಲಿ ಪುಣ್ಯವಂತರು. ಐಐಎಸ್‌ಸಿಯಲ್ಲಿ ಹೈ ಎನರ್ಜಿ ಫಿಸಿಕ್ಸ್ ಸೆಂಟರ್ ಇದೆ, ಹೆಸರಘಟ್ಟದ ಕಡೆ ಐಸಿಟಿಎಸ್ ಇದೆ, ಸದಾಶಿವನಗರದಲ್ಲಿ ರಾಮನ್ ಇನ್‌ಸ್ಟಿಟ್ಯೂಟ್ ಇದೆ. ಐಸಿಟಿಎಸ್ ಟಿಐಎಫ್‌ಆರ್‌ನ ಒಂದು ಸೆಂಟರ್, 2007ರಲ್ಲಿ ಶುರುವಾಗಿದ್ದು, ವರ್ಷವಿಡೀ ಪ್ರಪಂಚದ ಎಲ್ಲಾ ಕಡೆಯಿಂದ ಜನ ಬಂದು ಲೆಕ್ಚರ್ ಕೊಡ್ತಾರೆ, ಬಹಳಷ್ಟು ರೆಕಾರ್ಡಿಂಗ್ ಫ್ರೀ ಆಗಿ ಸಿಗತ್ವೆ.

ಹಳೇ ಕಥೆ ಒಂದು ಸೇರಿಸ್ತೀನಿ. 1939ರಲ್ಲಿ ರಜಕ್ಕೆ ಅಂತ ಊರಿಗೆ ಬಂದಿದ್ದ ಹೋಮಿ ಭಾಭಾ, ಯುದ್ಧ ಶುರುವಾಗಿ ಕೇಂಬ್ರಿಡ್ಜ್‌ಗೆ ವಾಪಸ್ ಹೋಗೋಕಾಗದೇ ಬೆಂಗಳೂರಿನ ಐಐಎಸ್‌ಸಿ ಸೇರಿದ್ರು. ಅಲ್ಲಿ ಅವರ ಜೊತೆ ಕೆಲಸ ಮಾಡಿದ ಹುಡುಗ ಹರೀಶ್‌ಚಂದ್ರ, ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಹೋಗಿ ಡಿರಾಕ್ ಹತ್ರ 1947ರಲ್ಲಿ ಪಿಎಚ್‌ಡಿ ತಗೊಂಡ್ರು. ಆಮೇಲೆ ಗಣಿತಕ್ಕೆ ಹೊರಳಿ ದೊಡ್ಡ ಹೆಸರಾದ್ರು. ಅಲಹಾಬಾದಿನ ಇನ್‌ಸ್ಟಿಟ್ಯೂಟ್‌ಗೆ ಅವರದ್ದೇ ಹೆಸರು.

ನಾನು ಸಣ್ಣ ಊರಿನ ಕಾಲೇಜು, ಪಿಯುಸಿವರೆಗೂ ಕನ್ನಡ ಮೀಡಿಯಂ. ಆಗತ್ತಾ?

ಆಗತ್ತೆ. ಇಂಗ್ಲಿಷ್ ಸಮಸ್ಯೆ ಆರು ತಿಂಗಳಲ್ಲಿ ಕರಗತ್ತೆ, ಪೇಪರ್ ಬರಿಯೋ ಇಂಗ್ಲಿಷ್‌ಗೆ ಬೇಕಾಗೋ ಪದಗಳೇ ಕಮ್ಮಿ. ನಿಜವಾದ ಕೊರತೆ ಬೇರೆ. ದೊಡ್ಡ ಊರಿನೋರಿಗೆ ಮೂರನೇ ಸೆಮಿಸ್ಟರ್‌ನಲ್ಲೇ ಸಮ್ಮರ್ ಪ್ರಾಜೆಕ್ಟ್ ಬಗ್ಗೆ ಸೀನಿಯರ್‌ಗಳು ಹೇಳಿರ್ತಾರೆ, ನಿಮಗೆ ಯಾರೂ ಹೇಳಿರಲ್ಲ. ಹಾಗಾಗಿ ಹೇಳ್ತಿದ್ದೀನಿ: ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಬೆಂಗಳೂರಿನ ಸುತ್ತಮುತ್ತ ಬಿಎಸ್ಸಿ ಓದ್ತಿದ್ರೆ ಜವಾಹರಲಾಲ್ ನೆಹರು ತಾರಾಲಯದ ರೀಪ್ ಕೋರ್ಸ್ ನೋಡಿ, ಕಾಲೇಜಿನ ಜೊತೆಜೊತೆಗೇ ಫಿಸಿಕ್ಸ್ ಸರಿಯಾಗಿ ಕಲಿಸ್ತಾರೆ. ಆ ತಾರಾಲಯ ಕಟ್ಟಿ ಬೆಳೆಸಿದ್ದು ಸಿ.ವಿ. ವಿಶ್ವೇಶ್ವರ, ಬೆಂಗಳೂರಿನೋರೇ. ಬ್ಲ್ಯಾಕ್ ಹೋಲ್‌ನ ಅಲುಗಾಡಿಸಿದ್ರೆ ಅದು ಹೆಂಗೆ ಅದುರಿ ಸುಮ್ಮನಾಗತ್ತೆ ಅಂತ 1970ರಲ್ಲಿ ಲೆಕ್ಕ ಹಾಕಿ ಹೇಳಿದ್ರು, 2016ರ ಫೆಬ್ರವರಿಯಲ್ಲಿ ಗುರುತ್ವದ ಅಲೆ ಹಿಡಿಯೋ ಲೈಗೋದೋರು ಅನೌನ್ಸ್ ಮಾಡಿದ ಸಿಗ್ನಲ್‌ನ ಬಾಲದಲ್ಲಿ ಕಂಡಿದ್ದು ಅದೇ ಅದುರು. ಮಾರನೇ ವರ್ಷ ಜನವರಿಯಲ್ಲಿ ತೀರಿಹೋದ್ರು, ನೋಡೋಕೆ ಇದ್ರಲ್ಲ ಅನ್ನೋದೇ ಸಮಾಧಾನ.

ಓದೋಕೆ ಕೇಂಬ್ರಿಡ್ಜ್‌ನ ಡೇವಿಡ್ ಟಾಂಗ್ ಅವರ ಲೆಕ್ಚರ್ ನೋಟ್ಸ್ ನೆಟ್ಟಲ್ಲಿ ಫ್ರೀ ಇದೆ, ದುಡ್ಡು ಕೊಟ್ಟು ಯಾವ ಕೋಚಿಂಗೂ ಬೇಡ.

ಗೈಡ್ ಆರಿಸ್ಕೊಳ್ಳೋದು ಹೆಂಗೆ?

ಹೆಸರು ನೋಡಿ ಹೋಗ್ಬೇಡಿ, ಅವರ ಹಳೇ ಸ್ಟೂಡೆಂಟ್‌ಗಳು ಈಗ ಎಲ್ಲಿದ್ದಾರೆ ನೋಡಿ. ಇನ್‌ಸ್ಪೈರ್ ಅನ್ನೋ ಡೇಟಾಬೇಸಲ್ಲಿ ಪ್ರತಿಯೊಬ್ಬರ ಪೇಪರ್ ಪಟ್ಟಿ ಇರತ್ತೆ, ಸ್ಟೂಡೆಂಟ್ ಒಬ್ಬನೇ ಬರೆದ ಪೇಪರ್ ಇದ್ಯಾ, ಗೈಡ್ ಇಲ್ಲದೇ ಬೇರೆಯವರ ಜೊತೆ ಬರೆಯೋಕೆ ಬಿಟ್ಟಿದ್ದಾರಾ ನೋಡಿ. ಈಗಿನ ಸ್ಟೂಡೆಂಟ್‌ಗಳನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಟೀ ಕುಡೀತಾ ಕೇಳಿ. ನೇರವಾಗಿ ಕೆಟ್ಟದ್ದು ಯಾರೂ ಹೇಳಲ್ಲ, ಆದ್ರೆ ಎಷ್ಟು ಹೊತ್ತು ಯೋಚನೆ ಮಾಡಿ ಉತ್ತರ ಕೊಡ್ತಾರೆ ಅನ್ನೋದ್ರಲ್ಲೇ ಗೊತ್ತಾಗತ್ತೆ.

ಪಿಎಚ್‌ಡಿ ಟೈಮಲ್ಲಿ ದುಡ್ಡು?

2023ರ ಜನವರಿಯಿಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ (ಸೀನಿಯರ್) 42,000, ಹಾಸ್ಟೆಲ್ ಇಲ್ಲದಿದ್ರೆ ಮನೆ ಬಾಡಿಗೆ ಭತ್ಯೆ ಬೇರೆ. ಇಂಡಿಯಾದಲ್ಲೇ ಪೋಸ್ಟ್‌ಡಾಕ್ ಮಾಡಿದ್ರೆ 58,000ದಿಂದ 67,000. ಒಬ್ಬರ ಜೀವನಕ್ಕೆ ಸಾಕು, ಊರಿಗೆ ಕಳಿಸಬೇಕಾದೋರಿಗೆ ಸಾಲಲ್ಲ. ಕೆಲವು ಕಡೆ ತಿಂಗಳು ತಿಂಗಳು ಸರಿಯಾಗಿ ಬರಲ್ಲ, ಮೂರ್ನಾಲ್ಕು ತಿಂಗಳು ಒಟ್ಟಿಗೆ ಬರತ್ತೆ, ಅದಕ್ಕೆ ರೆಡಿ ಇರಿ.

ಆರ್ಕೈವ್ ಅಂದ್ರೆ ಏನು? ಬೆಳಗ್ಗೆ ಎದ್ದ ತಕ್ಷಣ ನೋಡ್ತೀರಂತೆ?

ಹೌದು, ಕಾಫಿಗಿಂತ ಮೊದಲು. 1991ರ ಆಗಸ್ಟಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅನ್ನೋರು ಲಾಸ್ ಅಲಮಾಸ್‌ನಲ್ಲಿ ಶುರು ಮಾಡಿದ ಸರ್ವರ್ ಅದು, ಈಗ ಗಣಿತ, ಕಂಪ್ಯೂಟರ್ ಸೈನ್ಸ್ ಅಂತ ಬೇರೆ ಬೇರೆ ವಿಷಯಗಳಿಗೂ ಹಬ್ಬಿದೆ, ಆದ್ರೆ ಹುಟ್ಟಿದ್ದು ನಮ್ಮ ಹೈ ಎನರ್ಜಿ ಥಿಯರಿಗೇ. ಜರ್ನಲ್‌ನಲ್ಲಿ ಪ್ರಿಂಟ್ ಆಗೋವರೆಗೂ ಯಾರೂ ಕಾಯಲ್ಲ, ಆರ್ಕೈವ್‌ಗೆ ಹಾಕಿದ ದಿನವೇ ಪೇಪರ್ ಹೊರಬಂದ ಹಾಗೆ. ಹೊಸ ಪಟ್ಟಿ ಅಮೆರಿಕದ ಪೂರ್ವ ಕರಾವಳಿ ಟೈಮ್ ರಾತ್ರಿ ಎಂಟಕ್ಕೆ ಬರತ್ತೆ, ನಮಗೆ ಅದು ಬೆಳಗ್ಗೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಕಳಿಸೋಕೆ ಕಡೇ ಟೈಮ್ ಅವರ ಮಧ್ಯಾಹ್ನ ಎರಡು, ಅಂದ್ರೆ ಇಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಆ ಗಡುವು ದಾಟಿದ ತಕ್ಷಣ ಕಳಿಸಿದೋರ ಪೇಪರ್ ಮುಂದಿನ ಪಟ್ಟೀಲಿ ಎಲ್ಲಕ್ಕಿಂತ ಮೇಲೆ ಬರತ್ತೆ ಅಂತ, ರಾತ್ರಿ ಮೌಸ್ ಮೇಲೆ ಬೆರಳಿಟ್ಟು ಸೆಕೆಂಡ್ ಎಣಿಸ್ಕೊಂಡು ಕೂತಿರೋ ದೊಡ್ಡ ದೊಡ್ಡ ಪ್ರೊಫೆಸರ್‌ಗಳಿದ್ದಾರೆ, ನಗ್ಬೇಡಿ, ನೀವೂ ಮಾಡ್ತೀರಿ.

ಇನ್ನೊಂದು, ನಮ್ಮಲ್ಲಿ ಲೇಖಕರ ಹೆಸರು ಅಕ್ಷರಮಾಲೆ ಪ್ರಕಾರ ಹಾಕ್ತಾರೆ. ಮೊದಲನೇ ಹೆಸರು ನಿನ್ನದಲ್ವಾ ಅಂತ ಬಯಾಲಜಿಯೋರು ಕೇಳಿದ್ರೆ ತಲೆ ಕೆಡಿಸ್ಕೊಳ್ಬೇಡಿ.

ಪೋಸ್ಟ್‌ಡಾಕ್ ಅಂದ್ರೆ ಇನ್ನೂ ಓದೋದಾ? ಎಷ್ಟು ವರ್ಷ?

ಓದೋದಲ್ಲ, ಟೆಂಪರರಿ ಕೆಲಸ. ಎರಡು ಮೂರು ವರ್ಷಕ್ಕೊಂದು ಊರು, ಸಾಮಾನ್ಯವಾಗಿ ಎರಡು ಅಥವಾ ಮೂರು ಊರು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅರ್ಜಿ ಸೀಸನ್, ಐವತ್ತು ನೂರು ಕಡೆ ಹಾಕೋದು ಮಾಮೂಲು. ಒಂದು ರಿಸರ್ಚ್ ಸ್ಟೇಟ್‌ಮೆಂಟ್, ಪೇಪರ್ ಪಟ್ಟಿ, ಮೂರು ರೆಕಮೆಂಡೇಶನ್ ಲೆಟರ್. ಆಮೇಲೆ ಜಾತಕ ಕಳಿಸಿ ಗಂಡಿನ ಕಡೆಯೋರ ಫೋನಿಗೆ ಕಾಯೋ ಮನೆಯ ಪರಿಸ್ಥಿತಿ. ಯಾರಿಗೆ ಎಲ್ಲಿ ಆಫರ್ ಬಂತು ಅಂತ ರೂಮರ್ ಮಿಲ್ ಅನ್ನೋ ಪೇಜಲ್ಲಿ ಬರ್ತಾ ಇರತ್ತೆ, ದಿನಕ್ಕೆ ಹತ್ತು ಸಲ ರಿಫ್ರೆಶ್ ಮಾಡ್ತಾರೆ. ಇನ್‌ಸ್ಟಿಟ್ಯೂಟ್‌ಗಳು ಒಬ್ಬರ ಮೇಲೊಬ್ಬರು ಅವಸರ ಮಾಡಿ ಹುಡುಗರನ್ನ ಒತ್ತಾಯ ಮಾಡ್ಬಾರ್ದು ಅಂತ ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡ್ಕೊಂಡಿದ್ದಾರೆ, ಬಹಳ ವರ್ಷ ಆಫರ್‌ಗೆ ಉತ್ತರ ಕೊಡೋ ಗಡುವು ಜನವರಿ 7 ಆಗಿತ್ತು, ಹಾಗಾಗಿ ಆಗೆಲ್ಲಾ ನಮ್ಮ ಫೀಲ್ಡಿನೋರಿಗೆ ಹೊಸ ವರ್ಷದ ಪಾರ್ಟಿ ಅಂದ್ರೆ ಹೊಟ್ಟೇಲಿ ಸಂಕಟ ಇರ್ತಿತ್ತು.

ಈ ಆಟದಲ್ಲಿ ಎಲ್ಲಕ್ಕಿಂತ ಭಾರ ಆ ಲೆಟರ್‌ಗಳದ್ದು. ಪೇಪರ್ ಚೆನ್ನಾಗಿರೋರು ನೂರು ಜನ ಇರ್ತಾರೆ, ಕಮಿಟಿಯಲ್ಲಿ ಕೂತೋರು ಎಲ್ಲಾ ಪೇಪರ್ ಓದೋಕಾಗಲ್ಲ, ಲೆಟರ್ ಓದ್ತಾರೆ. ಲೆಟರ್ ಬರೆದೋರನ್ನ ಅವರು ಬಲ್ಲರಾ, ಈ ಹುಡುಗಿ ಯಾವುದನ್ನ ತಾನೇ ಯೋಚಿಸಿದ್ಳು ಅಂತ ಅದ್ರಲ್ಲಿ ಬಿಡಿಸಿ ಬರ್ದಿದ್ಯಾ, ಇಷ್ಟರ ಮೇಲೆ ನಿಂತಿದೆ. ಹಾಗಾಗಿ ಮೂರನೇ ವರ್ಷದಿಂದಲೇ ನಿಮ್ಮ ಗೈಡ್ ಬಿಟ್ಟು ಇನ್ನಿಬ್ಬರಿಗೆ ನಿಮ್ಮ ಕೆಲಸ ಚೆನ್ನಾಗಿ ಗೊತ್ತಿರೋ ಹಂಗೆ ನೋಡ್ಕೊಳ್ಳಿ. ಕಾನ್ಫರೆನ್ಸಲ್ಲಿ ಟಾಕ್ ಕೊಡಿ, ಸೆಮಿನಾರ್‌ಗೆ ಬಂದೋರನ್ನ ಊಟಕ್ಕೆ ಕರೀರಿ, ಪ್ರಶ್ನೆ ಕೇಳಿ. ಇದನ್ನ ನಾಟಕ ಅಂತ ಅಂದ್ಕೊಂಡು ದೂರ ಉಳಿದ ಒಳ್ಳೊಳ್ಳೇ ಲೆಕ್ಕದೋರನ್ನ ಫೀಲ್ಡ್ ಕಳ್ಕೊಂಡಿದೆ, ತಪ್ಪು ಅವರದ್ದೊಂದೇ ಅಲ್ಲ, ಆದ್ರೆ ವ್ಯವಸ್ಥೆ ಇರೋದು ಹಿಂಗೆ.

ಪರ್ಮನೆಂಟ್ ಕೆಲಸ ಸಿಗೋದು ನಿಜಾನಾ?

ಕೆಲವರಿಗೆ. ಪಿಎಚ್‌ಡಿ ಮಾಡೋ ಜನಕ್ಕೂ ಖಾಲಿ ಆಗೋ ಪೋಸ್ಟ್‌ಗೂ ಸಂಬಂಧವೇ ಇಲ್ಲ, ಬಹುಪಾಲು ಜನಕ್ಕೆ ಸಿಗಲ್ಲ ಅಂತ ಅಂದ್ಕೊಂಡೇ ಹೊರಡಿ. ಸಿಕ್ಕೋರಿಗೂ ಮೂವತ್ಮೂರು, ಮೂವತ್ತೈದು ದಾಟಿರತ್ತೆ. ಇಂಡಿಯಾಗೆ ವಾಪಸ್ ಬರೋರಿಗೆ ರಾಮಾನುಜನ್ ಫೆಲೋಶಿಪ್ ಥರದ್ದು ಇವೆ, ಐಸರ್‌ಗಳು, ಹೊಸ ಐಐಟಿಗಳು ಬಂದ್ಮೇಲೆ ಮೊದಲಿಗಿಂತ ಜಾಗ ಜಾಸ್ತಿ ಆಗಿದೆ.

ಪೀಟರ್ ಹಿಗ್ಸ್ ಕಥೆ ಕೇಳಿದ್ರೆ ಹೊಟ್ಟೆ ಉರಿಯತ್ತೆ. 1964ರಲ್ಲಿ ಅವರು ಬರೆದ ಎರಡನೇ ಪೇಪರ್‌ನ ಒಂದು ಜರ್ನಲ್ ವಾಪಸ್ ಕಳಿಸ್ತು, ಒಂದಿಷ್ಟು ಸೇರಿಸಿ ಬೇರೆ ಜರ್ನಲ್‌ಗೆ ಕಳಿಸಿದ್ರು, ಈಗ ಹಿಗ್ಸ್ ಅಂತ ಕರೆಯೋ ಹೊಸ ಕಣದ ಮಾತು ಬಂದಿದ್ದೇ ಆ ಸೇರಿಸಿದ ಭಾಗದಲ್ಲಿ. ಆಮೇಲೆ ಜೀವನಪೂರ್ತಿ ಪೇಪರ್ ಬಹಳ ಕಮ್ಮಿ. 2012ರ ಜುಲೈ 4ಕ್ಕೆ ಎಲ್‌ಎಚ್‌ಸಿ ನಡೆಸೋ ಸರ್ನ್ ಸಂಸ್ಥೆ ಕಣ ಸಿಕ್ತು ಅಂತು, 2013ರಲ್ಲಿ ನೊಬೆಲ್. ಈಗಿನ ಕಾಲದಲ್ಲಾಗಿದ್ರೆ ನನಗೆ ಕೆಲಸವೇ ಸಿಕ್ತಿರಲಿಲ್ಲ ಅನ್ನೋ ಅರ್ಥದ ಮಾತು ಅವರೇ ಹೇಳಿದ್ದಾರೆ. ವಿಲ್ಸನ್ ಕಥೆಗೂ ಇದೇ ಮಾತು ಅನ್ವಯಿಸತ್ತೆ. ಕಾರ್ನೆಲ್‌ನೋರು ಆಗ ಮಾಡಿದ ಧೈರ್ಯ ಇವತ್ತು ಯಾವ ಕಮಿಟಿ ಮಾಡತ್ತೆ ಅಂತ ನನಗೆ ಅನುಮಾನ.

ಫಾರಿನ್‌ಗೆ ಹೋಗ್ಲೇಬೇಕಾ?

ಪಿಎಚ್‌ಡಿಗೆ ಬೇಕಿಲ್ಲ. ಪೋಸ್ಟ್‌ಡಾಕ್‌ಗೆ ಒಮ್ಮೆಯಾದ್ರೂ ಹೋಗಿ ಬಂದಿರ್ಬೇಕು ಅನ್ನೋ ಅಲಿಖಿತ ರೂಲ್ ಇದೆ. ಎಂಎಸ್ಸಿ ಆದ್ಮೇಲೆ ಇಟಲಿಯ ಟ್ರಿಯೆಸ್ಟೆಯಲ್ಲಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ನಮ್ಮಂಥ ದೇಶದೋರಿಗೇ ಅಂತ ಮಾಡಿದ್ದು, ಫೀಸ್ ಇಲ್ಲ, ಸ್ಟೈಪೆಂಡ್ ಅವರೇ ಕೊಡ್ತಾರೆ. ಹೋಗಿ ವಾಪಸ್ ಬಂದು ದೊಡ್ಡ ಕೆಲಸ ಮಾಡೋಕಾಗತ್ತಾ ಅಂದ್ರೆ ಅಶೋಕ್ ಸೇನ್ ನೋಡಿ. ಕಲ್ಕತ್ತದೋರು, ಸ್ಟೋನಿ ಬ್ರೂಕ್‌ನಲ್ಲಿ ಪಿಎಚ್‌ಡಿ, ಅಮೆರಿಕದಲ್ಲೇ ಎರಡು ಪೋಸ್ಟ್‌ಡಾಕ್, ಆಮೇಲೆ ಟಿಐಎಫ್‌ಆರ್, 1995ರಿಂದ ಬಹಳ ವರ್ಷ ಅಲಹಾಬಾದಿನ ಹರೀಶ್‌ಚಂದ್ರ ಇನ್‌ಸ್ಟಿಟ್ಯೂಟ್. 2012ರಲ್ಲಿ 30 ಲಕ್ಷ ಡಾಲರ್‌ನ ಫಂಡಮೆಂಟಲ್ ಫಿಸಿಕ್ಸ್ ಪ್ರೈಜ್ ಮೊದಲ ಸಲ ಕೊಟ್ಟಾಗ ಪಡೆದೋರಲ್ಲಿ ಅವರೂ ಒಬ್ಬರು. ಈಗ ನಮ್ಮ ಐಸಿಟಿಎಸ್‌ನಲ್ಲೇ ಇದ್ದಾರೆ.

ಹೆಣ್ಮಕ್ಕಳಿಗೆ ಕಷ್ಟ ಅಂತಾರೆ?

ಸುಳ್ಳಲ್ಲ. ಊರೂರು ಅಲೆಯೋ ಪೋಸ್ಟ್‌ಡಾಕ್ ವರ್ಷಗಳೂ ಮನೇಲಿ ಮದುವೆ ಮಾಡ್ಕೋ ಅಂತ ಕುತ್ತಿಗೆ ಮೇಲೆ ಕೂರೋ ವರ್ಷಗಳೂ ಒಂದೇ. ಸೆಮಿನಾರ್ ರೂಮಲ್ಲಿ ಹೆಣ್ಮಕ್ಕಳು ಇರೋದೇ ಕಮ್ಮಿ. ಐಐಎಸ್‌ಸಿಯಲ್ಲಿದ್ದ ರೋಹಿಣಿ ಗೋಡ್ಬೋಲೆ ಕೊಲೈಡರ್ ಫಿಸಿಕ್ಸ್‌ನಲ್ಲಿ ಹೆಸರು ಮಾಡಿದ್ದರ ಜೊತೆಗೆ ಈ ವಿಷಯಕ್ಕೆ ದಶಕಗಟ್ಟಲೆ ಕಮಿಟಿಗಳಲ್ಲಿ ಕೂತು ಜಗಳ ಆಡಿದ್ರು, 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು. ಗಂಡ ಹೆಂಡ್ತಿ ಇಬ್ಬರೂ ಇದೇ ಫೀಲ್ಡ್ ಆದ್ರೆ ಒಂದೇ ಊರಲ್ಲಿ ಎರಡು ಕೆಲಸ ಹುಡುಕೋದು ಬೇರೇನೇ ಸರ್ಕಸ್ಸು, ಬೇರೆ ಬೇರೆ ಖಂಡದಲ್ಲಿ ಸಂಸಾರ ಮಾಡ್ತಿರೋರು ನನಗೇ ಹಲವರು ಗೊತ್ತು.

ಅರ್ಧಕ್ಕೆ ಬಿಟ್ರೆ ಏನು ಗತಿ?

ಗತಿ ಚೆನ್ನಾಗೇ ಇರತ್ತೆ. ನನ್ನ ಜೊತೆಯೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡೇಟಾ ಸೈನ್ಸು, ಫೈನಾನ್ಸಿನ ಕ್ವಾಂಟ್ ಕೆಲಸ, ಚಿಪ್ ಡಿಸೈನು, ಕ್ವಾಂಟಮ್ ಕಂಪ್ಯೂಟಿಂಗ್ ಅಂತ ಬೆಂಗಳೂರಲ್ಲೇ ಸೆಟ್ಲ್ ಆಗಿದ್ದಾರೆ, ನನಗಿಂತ ನಾಲ್ಕು ಪಟ್ಟು ಸಂಬಳ. ಪಿಎಚ್‌ಡಿ ಟೈಮಲ್ಲೇ ಒಂದಿಷ್ಟು ಕೋಡಿಂಗ್ ಸರಿಯಾಗಿ ಕಲೀರಿ, ಫೀಲ್ಡ್ ಥಿಯರಿಗೂ ಬೇಕಾಗತ್ತೆ.

ಇದರಿಂದ ಜನಕ್ಕೇನು ಉಪಯೋಗ?

ನೇರವಾಗಿ, ನಾಳೆ ಬೆಳಗ್ಗೆ, ಏನೂ ಇಲ್ಲ. ನೆಂಟರಿಗೆ ನಾನು ಹಿಂಗೇ ಹೇಳ್ತೀನಿ, ಅವರು ಪಾಯಸ ಬಡಿಸ್ಕೊಳ್ತಾರೆ.

ನನ್ನ ಹತ್ರ ಒಂದು ಹೊಸ ಥಿಯರಿ ಇದೆ, ಐನ್‌ಸ್ಟೈನ್ ತಪ್ಪು ಅಂತ ಪ್ರೂವ್ ಮಾಡಿದ್ದೀನಿ. ಯಾರಿಗೆ ಕಳಿಸ್ಲಿ?

ವಾರಕ್ಕೊಂದು ಬರತ್ತೆ ಈ ಮೇಲ್. ಆರ್ಕೈವ್‌ಗೆ ಹೊಸಬರು ಹಾಕ್ಬೇಕಾದ್ರೆ ಈಗಾಗ್ಲೇ ಅಲ್ಲಿ ಬರೆಯೋರ ಎಂಡೋರ್ಸ್‌ಮೆಂಟ್ ಬೇಕು, ದಯವಿಟ್ಟು ನನ್ನನ್ನ ಕೇಳ್ಬೇಡಿ. ಒಂದೇ ಒಂದು ಪರೀಕ್ಷೆ ಮಾಡ್ಕೊಳ್ಳಿ: ನಿಮ್ಮ ಥಿಯರಿಯಿಂದ ಶ್ವಿಂಗರ್‌ರ 0.00116 ಬರತ್ತಾ? ಬಂದ್ರೆ ಕಳಿಸಿ, ರಾತ್ರಿ ನಿದ್ದೆಗೆಟ್ಟಾದ್ರೂ ಓದ್ತೀನಿ.

ಪ್ರೊಫೆಸರ್‌ಗೆ ಪ್ರಾಜೆಕ್ಟ್ ಕೇಳಿ ಮೇಲ್ ಬರಿಯೋದು ಹೆಂಗೆ?

ಏಳೆಂಟು ಸಾಲು, ಜಾಸ್ತಿ ಬೇಡ. ರೆಸ್ಪೆಕ್ಟೆಡ್ ಸರ್/ಮೇಡಂ ಅಂತ ಎರಡೂ ಸೇರಿಸಿ ಇನ್ನೂರು ಜನಕ್ಕೆ ಒಂದೇ ಮೇಲ್ ಹಾಕಿದ್ರೆ ಮೊದಲನೇ ಸಾಲಲ್ಲೇ ಡಿಲೀಟ್. ಅವರ ಒಂದು ಪೇಪರ್ ತೆಗೆದು ಪೀಠಿಕೆ ಮತ್ತು ಎರಡನೇ ಸೆಕ್ಷನ್ ನಿಜವಾಗ್ಲೂ ಓದಿ, ಎಲ್ಲಿವರೆಗೂ ಅರ್ಥ ಆಯ್ತು, ಯಾವ ಸಮೀಕರಣದ ಹತ್ರ ಸಿಕ್ಕಾಕೊಂಡ್ರಿ ಅಂತ ಬರೀರಿ. ಯಾವ ಯಾವ ಕೋರ್ಸ್ ಆಗಿದೆ, ಯಾವ ತಿಂಗಳು ಬಿಡುವಿದೆ ಅಂತ ಒಂದು ಸಾಲು. ಮಾರ್ಕ್ಸ್ ಕಾರ್ಡ್ ಒಂದೇ ಪಿಡಿಎಫ್, ಫೋನಲ್ಲಿ ತೆಗೆದ ಹನ್ನೆರಡು ಫೋಟೋ ಬೇಡ. ಎರಡು ವಾರ ಉತ್ತರ ಬರದಿದ್ರೆ ಒಂದು ಸಲ ನೆನಪಿಸಿ. ಆಗ್ಲೂ ಬರ್ಲಿಲ್ಲ ಅಂದ್ರೆ ಮುಂದಿನೋರಿಗೆ ಹಾಕಿ, ಸೆಮಿಸ್ಟರ್ ಮಧ್ಯೆ ಯಾರೂ ಮೇಲ್ ನೋಡಲ್ಲ, ಹಾಗಾಗಿ ನವೆಂಬರ್ ಕೊನೇಲೋ ಜನವರಿ ಮೊದಲ್ಲೋ ಕಳಿಸಿದ್ರೆ ಒಳ್ಳೇದು.